ವಕೀಲ ಸಾಹೇಬರ ಚಳಿ

ಹೋದ ತಿಂಗಳು ನಮ್ಮ ವಕೀಲ ಸಾಹೇಬರು ತೀರಿಕೊಂಡರು. ಕೊಪ್ಪಳದ ವಕೀಲರೆಲ್ಲ ಸೇರಿ ಸಂತಾಪ ಸಭೆ ನಡೆಸಿದೆವು. ಒಬ್ಬರು ಎದ್ದು, ಹೋದವರು ಶಾಂತಮೂರ್ತಿಗಳಾಗಿದ್ದರು ಎಂದರು. ಹೀಗೆಂದವರನ್ನು ಸಾಹೇಬರು ಒಮ್ಮೆ ಕಚೇರಿಯ ಮೆಟ್ಟಿಲಿನಿಂದ ಹೊರಗಿನ ಬೇವಿನ ಮರದ ತನಕ ಬೈದು ಬಿಟ್ಟುಬಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇನ್ನೊಬ್ಬರು, ಅವರ ಕೈಕೆಳಗೆ ಕೆಲಸ ಕಲಿತದ್ದು ತಮ್ಮ ಪೂರ್ವಜನ್ಮದ ಪುಣ್ಯ ಎಂದರು. ಪುಣ್ಯ ಬಲುಬೇಗ ತೀರಿತ್ತು ಅಂತ ಕಾಣುತ್ತದೆ, ವಾರ ತುಂಬುವುದರೊಳಗೆ ಅವರು ಹೇಳದೆ ಕೇಳದೆ ಯಲಬುರ್ಗಾಕ್ಕೆ ಓಡಿಹೋಗಿದ್ದರು. ಮೂರನೆಯವರು ತಮ್ಮ ಬಗ್ಗೆಯೇ ಮಾತಾಡಿ, ಯಾರೋ ನೆನಪಿಸಿದ ಮೇಲೆ ಸಾಹೇಬರ ಹೆಸರು ಹೇಳಿ ಕೂತರು. ಕಾರಿನ ಖಟ್ಲೆಯ ಮಾತು ಮಾತ್ರ ಯಾರೂ ಎತ್ತಲಿಲ್ಲ. ಸತ್ತವರನ್ನು ನೆನೆದು ನಗಬಾರದು ಎಂಬ ಮರ್ಯಾದೆ. ಬದುಕಿದ್ದಾಗ ಎದುರಿಗೇ ಬೇಕಾದಷ್ಟು ನಕ್ಕಾಗಿತ್ತು. ಆ ಖಟ್ಲೆಯಲ್ಲಿ ಅವರ ಜೊತೆಗಿದ್ದವರಲ್ಲಿ ನಾನೊಬ್ಬನೇ ಉಳಿದಿದ್ದೇನೆ, ಹಾಗಾಗಿ ನಾನೇ ಹೇಳಬೇಕು.

ಸಾಹೇಬರು ಎತ್ತರದ ಆಳು. ಬಿಳಿ ರುಮಾಲು, ಕುತ್ತಿಗೆಯವರೆಗೂ ಗುಂಡಿ ಹಾಕಿದ ಕಪ್ಪು ಶೇರವಾನಿ. ಎದುರಿಗಿದ್ದವನ ಮುಖ ನೋಡಲು ಮನಸ್ಸಿಲ್ಲದಾಗ ಕನ್ನಡಕ ತೆಗೆದು ಒರೆಸುವರು. ದಿನದ ಬಹುಪಾಲು ಅವರ ಕನ್ನಡಕ ಕೈಯಲ್ಲೇ ಇರುತ್ತಿತ್ತು. ಅವರ ಬಾಯಿಂದ ಅತಿ ಹೆಚ್ಚು ಬರುತ್ತಿದ್ದ ಮಾತು "ನನ್ನ ತಕರಾರು ಐತಿ." ಕಚೇರಿಯಲ್ಲಿ ಎದುರು ವಕೀಲರ ಮೇಲೆ ತಕರಾರು, ಮನೆಯಲ್ಲಿ ಪಲ್ಯದ ಉಪ್ಪಿನ ಮೇಲೆ ತಕರಾರು. ಕ್ಷೌರದವನು ಕೆನ್ನೆಗೆ ಸೋಪು ಹಚ್ಚುವಾಗಲೂ ಅರ್ಧ ಬಾಯಲ್ಲಿ ತಕರಾರು ಹೇಳಿ ಸೋಪು ನುಂಗಿದವರು ಅವರು. ಹೆಂಡತಿಯ ಜೊತೆ ಅವರು ಬೇರೆ ಯಾವ ಧಾಟಿಯಲ್ಲೂ ಮಾತಾಡಿದ್ದನ್ನು ನಾನು ಕೇಳಿಲ್ಲ. ಒಮ್ಮೆ ಆಕೆ, ನಮಗೆಲ್ಲ ಅಕ್ಕಾವರು, ಹೊಸ ಸೀರೆ ಉಟ್ಟು ಬಂದು ನಿಂತರೆ, "ಸೆರಗಿನ ಬಣ್ಣಕ್ಕ ತಕರಾರು ಇಲ್ಲ" ಅಂದರು. ಅಕ್ಕಾವರು ಅಂದು ಇಡೀ ದಿನ ಸಂತೋಷದಲ್ಲಿದ್ದರು.

ಇಂಥವರಿಗೆ ಒಂದು ನೇಮವಿತ್ತು. ಕಚೇರಿಯಲ್ಲಿ ಹಲಫ್ ತೆಗೆದುಕೊಂಡ ಮೇಲೆ, ಅಂದರೆ ದೇವರ ಮೇಲೆ ಆಣೆ ಮಾಡಿದ ಮೇಲೆ, ಸುಳ್ಳು ಹೇಳಕೂಡದು. ವಕೀಲಿ ದಂಧೆಯಲ್ಲಿ ಇಂಥ ನೇಮ ಇಟ್ಟುಕೊಂಡವನು ಉಪವಾಸ ಬೀಳಬೇಕು. ಹೇಗೋ ಇವರು ಬೀಳಲಿಲ್ಲ. ಕುಷ್ಟಗಿ ಕಡೆಯ ಗೌಡನೊಬ್ಬ ಬಾವಿಯ ತಂಟೆ ತಂದಿದ್ದ. ಸಾಕ್ಷಿಗೆ ಏನು ಹೇಳಲಿ ಎಂದು ಕೇಳಿದ. ನಡೆದದ್ದು ಹೇಳು ಅಂದರು ಇವರು. "ನಡದದ್ದು ಹೇಳಿದ್ರ ಬಾವಿ ಹೋಕ್ಕೈತ್ರಿ" ಎಂದ ಗೌಡ.

"ಹೊರಗ ಕಟ್ಟಿ ಮ್ಯಾಲ ಕುಂತು ನಿನಗ ತಿಳಿದಷ್ಟು ಸುಳ್ಳ ಹೇಳು, ನಾನೂ ಕೇಳ್ತೀನಿ. ಹಲಫ್ ಆದ ಮ್ಯಾಲ ನಾಲಿಗಿ ನಿಂದಲ್ಲ. ಬಾವಿ ಹೋದ್ರ ಇನ್ನೊಂದು ತೋಡಾಕ ಬರ್ತೈತಿ."

ಗೌಡ ಬಾವಿಯನ್ನೂ ಕಾಗದಗಳನ್ನೂ ಎತ್ತಿಕೊಂಡು ಬೇರೆ ವಕೀಲರ ಹತ್ತಿರ ಹೋದ. ಖಟ್ಲೆ ಗೆದ್ದನೆಂದೂ ಸುದ್ದಿ ಬಂತು. ಸಾಹೇಬರು ಕನ್ನಡಕ ಒರೆಸಿಕೊಂಡರು.

ಇನ್ನೊಂದು ಚಟ, ಏನಿದ್ದರೂ ಪೂರಾ ಇರಬೇಕು. ವರ್ತಮಾನ ಪತ್ರಿಕೆಯನ್ನು ಕೊನೆಯ ಮೂಲೆಯ ಮುದ್ರಕನ ಹೆಸರಿನ ತನಕ ಓದುವರು. ಒಂದು ಕಡ್ಡಿ ಮುರಿದ ಕೊಡೆಯನ್ನು ರಿಪೇರಿ ಆಗುವ ತನಕ ಬಿಚ್ಚುತ್ತಿರಲಿಲ್ಲ. ಮಳೆಯಲ್ಲಿ ಅದನ್ನು ಕಂಕುಳಲ್ಲಿಟ್ಟುಕೊಂಡು ನೆನೆದು ಬಂದರು. ಇಂಥ ಮನುಷ್ಯನ ಕೈಗೆ ದೇವರು ಒಂದು ಹಳೆಯ ಕಾರು ಕೊಟ್ಟ.

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಸ್ವಲ್ಪ ಮುಂಚಿನ ಮಾತು. ಊಟಿಯಲ್ಲಿ ಸುಖವಾಗಿದ್ದ ಬಿಳಿ ದೊರೆಯೊಬ್ಬ ಬಳ್ಳಾರಿಗೆ ವರ್ಗವಾಗಿ ಬಂದು, ಅಲ್ಲಿನ ಒಂದೇ ಬೇಸಿಗೆಗೆ ಹೆದರಿ ವಿಲಾಯಿತಿಗೆ ಓಡುವಾಗ ಅದನ್ನು ಮಾರಿದ್ದ. ಕಾರು ಆಗಲೇ ಮುದಿಯಾಗಿತ್ತು. ನಾನು ಸಾಹೇಬರ ಹತ್ತಿರ ವಕೀಲಿ ಕಲಿಯಲು ಸೇರಿದವನು. ಮೊದಲ ವರ್ಷ ಕಲಿತದ್ದು ಮುಂದೆ ನಿಂತು ಹ್ಯಾಂಡಲ್ ತಿರುಗಿಸಿ ಇಂಜಿನ್ ಶುರುಮಾಡುವುದು. ಕಾರನ್ನು ಸಾಹೇಬರೇ ನಡೆಸುವರು. ಎದುರಿಗೆ ಎತ್ತಿನ ಗಾಡಿ ಬಂದರೆ ದಾರಿ ಯಾರದು ಎಂಬುದು ಇತ್ಯರ್ಥ ಆಗುವ ತನಕ ಕಾರು ಮುಂದೆ ಹೋಗುತ್ತಿರಲಿಲ್ಲ. ಅನೇಕ ಸಲ ಎತ್ತುಗಳೇ ಬೇಸತ್ತು ಪಕ್ಕಕ್ಕೆ ಸರಿದವು.

ಊಟಿಯ ಕಾರು ಅಂದೆನಲ್ಲ, ಅದಕ್ಕೆ ಒಂದು ಹೀಟರ್ ಇತ್ತು. ಮುಂದಿನ ಸೀಟಿನವರ ಕಾಲ ಬಳಿ ಒಂದು ತಗಡಿನ ಪೆಟ್ಟಿಗೆ. ಅದರೊಳಗೆ ಸಣ್ಣ ಕೊಳವೆಗಳನ್ನು ಒತ್ತಾಗಿ ಜೋಡಿಸಿದ ತಾಮ್ರದ ಜಾಲರಿ. ಇಂಜಿನ್ನಿನ ಬಿಸಿನೀರು ಆ ಜಾಲರಿಯಲ್ಲಿ ಹರಿದು ಹೋಗುತ್ತದೆ, ಹಿಂದಿರುವ ಪುಟ್ಟ ಪಂಖೆ ತಿರುಗಿ ಬಿಸಿಗಾಳಿಯನ್ನು ಕಾರಿನೊಳಕ್ಕೆ ಊದುತ್ತದೆ. ಊಟಿಯಲ್ಲಿ ಬೇಕಾದದ್ದೇ. ಕೊಪ್ಪಳದಲ್ಲಿ ಚೈತ್ರ ವೈಶಾಖದಲ್ಲಿ ಬಂಡೆಯ ಮೇಲೆ ಹಪ್ಪಳ ಹರವಿದರೆ ಒಣಗುವ ಬದಲು ಸುಟ್ಟೇ ಹೋಗುತ್ತವೆ. ಇಲ್ಲಿನವರಿಗೆ ಬಿಸಿಗಾಳಿಯನ್ನು ಯಂತ್ರದಿಂದ ಮಾಡಿಕೊಳ್ಳುವ ಬಡತನ ಯಾವತ್ತೂ ಬಂದಿಲ್ಲ.

ಅಕ್ಕಾವರ ವಿಷಯ ಇಲ್ಲಿ ಹೇಳಲೇಬೇಕು. ಅವರ ತವರು ಗಂಗಾವತಿ ಕಡೆಯ ಗದ್ದೆ ಸೀಮೆ. ಕಾಲುವೆ, ಬತ್ತ, ಸೊಳ್ಳೆ ಮೂರೂ ಹುಲುಸು. ಅಲ್ಲಿಂದ ಅವರು ಚಳಿಜ್ವರ ಹೊತ್ತುಕೊಂಡೇ ಗಂಡನ ಮನೆಗೆ ಬಂದಿದ್ದರು. ಗುಳಿಗೆ ನುಂಗಿದಾಗ ಹೋಗುವುದು, ಮರೆತ ಹೊತ್ತಿಗೆ ಬರುವುದು. ಜ್ವರ ಬಿಡಲೆಂದು ಹೇಮಗುಡ್ಡದ ದುರ್ಗಮ್ಮನಿಗೆ ಹರಕೆ ಹೊತ್ತಿದ್ದರು, ಅಮಾವಾಸ್ಯೆಗೊಮ್ಮೆ ದರ್ಶನಕ್ಕೆ ಬರುತ್ತೇನೆಂದು. ಸಾಹೇಬರಿಗೆ ಆ ಹರಕೆಯ ಬಗ್ಗೆ ತಕರಾರು. ಆದರೂ ಅಮಾವಾಸ್ಯೆ ಬಂದರೆ ಕಾರು ತೊಳೆದು ನಿಂತಿರುತ್ತಿತ್ತು. ಹ್ಯಾಂಡಲ್ ತಿರುಗಿಸಲು ನಾನು ಬೇಕಲ್ಲ, ಮುಂದೆ ಅವರ ಪಕ್ಕದಲ್ಲಿ ನಾನು. ಹಿಂದೆ ಅಕ್ಕಾವರು.

ತಿರುಗಿ ಬರುವಾಗ ಎಷ್ಟೋ ಸಲ ದಾರಿಯಲ್ಲೇ ಅವರಿಗೆ ಚಳಿ ಏರುವುದು. ಹೊರಗೆ ಕೆಂಡದಂಥ ಬಿಸಿಲು, ಹಿಂದಿನ ಸೀಟಿನಲ್ಲಿ ಕೌದಿಯ ಮೇಲೆ ಕೌದಿ ಹೊದ್ದ ಹೆಣ್ಣುಮಗಳು ಗಡಗಡ ನಡುಗುವರು. ಬಾಯಿ ಬಿಟ್ಟು ಒಂದು ಮಾತು ಆಡುವವರಲ್ಲ. ಆದರೆ ಕೈಯ ಗಾಜಿನ ಬಳೆಗಳು ಒಂದಕ್ಕೊಂದು ತಾಗಿ ಒಂದೇ ಸಮನೆ ಸದ್ದು ಮಾಡುವವು. ಆ ಸದ್ದು ಕೇಳುತ್ತ ಕೂರುವುದು ನನ್ನಿಂದ ಆಗುತ್ತಿರಲಿಲ್ಲ. ಸಾಹೇಬರು ಹಿಂದೆ ತಿರುಗಿ ನೋಡುತ್ತಿರಲಿಲ್ಲ. ಅವತ್ತು ಮಾತ್ರ ಎತ್ತಿನ ಗಾಡಿ ಎದುರು ಬಂದರೆ ತಾವೇ ದಾರಿ ಬಿಟ್ಟುಕೊಟ್ಟು ಓಡಿಸುವರು.

ಅಂಥ ಒಂದು ದಿನ ಅವರು ಯಾವುದೋ ಗುಬುಟು ಹಿಡಿದು ತಿರುಗಿಸಿದರು. ಪಂಖೆ ಗುಂಯ್ ಎಂದಿತು. ಬೇಸಿಗೆಯ ನಡುಮಧ್ಯಾಹ್ನ ನನ್ನ ಮೊಣಕಾಲಿಗೆ ಬೆಂಕಿಯಂಥ ಗಾಳಿ ಬಡಿಯಿತು. ಗಾಜು ಇಳಿಸಲು ಕೈ ಹಾಕಿದೆ. ಹಿಂದಿನಿಂದ ಅಕ್ಕಾವರು, "ಇರ್ಲಿ ಬಿಡ್ರಿ, ಹಿತ ಆಗಾಕತ್ತೈತಿ" ಅಂದರು. ನಾನು ಕೈ ತೆಗೆದೆ. ಸ್ವಲ್ಪ ದೂರ ಹೋಗುವುದರಲ್ಲಿ ಬಳೆಗಳು ಸುಮ್ಮನಾದವು. ಸಾಹೇಬರು ಮನೆ ಮುಟ್ಟಿದ ಮೇಲೆ, ಕಾರಿನಲ್ಲಿ ಒಂದಾದರೂ ಸಾಮಾನು ಸರಿ ಇದೆಯಲ್ಲ ಎಂದು ಗೊಣಗಿದರು.

ಅವರ ದೃಷ್ಟಿಯೇ ತಾಕಿತೋ ಏನೋ, ಮುಂದಿನ ಅಮಾವಾಸ್ಯೆಗೆ ಜಾಲರಿ ಸೋರಿತು. ನಮ್ಮ ಕಡೆಯ ಬಾವಿಯ ನೀರು ಸವಳು, ತಾಮ್ರವನ್ನೂ ತಿನ್ನುತ್ತದೆ. ನನ್ನ ಪಾದಗಳು ಬೆಂದವು, ಮುಂದಿನ ಗಾಜಿನ ಮೇಲೆ ಹಬೆ ಕೂತು ದಾರಿ ಕಾಣದಾಯಿತು. ಹಿಂದೆ ಬಳೆಗಳ ಸದ್ದು ಮನೆ ಬರುವ ತನಕ ನಿಲ್ಲಲಿಲ್ಲ.

ಗಂಗಾವತಿಯಿಂದ ಮಿಸ್ತ್ರಿಯನ್ನು ಕರೆಸಿದೆವು. ಅಕ್ಕಿ ಗಿರಣಿಗಳ ಇಂಜಿನ್ ನೋಡುವವನು. ಮುಂಬಯಿಯಲ್ಲಿ ಹಡಗು ರಿಪೇರಿ ಮಾಡಿದ್ದೇನೆಂದು ಹೇಳಿಕೊಳ್ಳುತ್ತಿದ್ದ. ಹಡಗು ಆಮೇಲೆ ಏನಾಯಿತೆಂದು ಮಾತ್ರ ಹೇಳುತ್ತಿರಲಿಲ್ಲ. ಅವನು ಕಾಲು ಹೊರಗೆ ಚಾಚಿ ಕಾರಿನೊಳಗೆ ಬೋರಲು ಮಲಗಿ ನೋಡಿ ಎದ್ದ.

"ಈ ಎರಡೂ ರಬ್ಬರ್ ನಳಗಿ ಒಂದಕ್ಕೊಂದು ಜೋಡಿಸಿ ತಂತಿ ಬಿಗೀತೀನ್ರಿ. ನೀರು ಪೆಟಗ್ಯಾಗ ಹೋಗೂದ ಇಲ್ಲ, ಸೋರೂದೂ ಇಲ್ಲ. ಕಾರಿಗೇನೂ ಆಗೂದಿಲ್ಲ."

"ಹೀಟರ್ ನಡೀತೈತೇನು?"

"ಹೀಟರ್ ಯಾಕ್ರೀ ಯಪ್ಪಾ ಕೊಪ್ಪಳದಾಗ? ಹೊರಗ ಬಂದು ನಿಂದರ್ರಿ, ಬೇಕಾದಷ್ಟೈತಿ."

"ಕಾರು ಅಂದ ಮ್ಯಾಲ ಪೂರಾ ಇರಬೇಕು" ಎಂದು ಸಾಹೇಬರು ಕನ್ನಡಕ ತೆಗೆದರು. ಮಿಸ್ತ್ರಿಗೆ ಅದರ ಅರ್ಥ ಗೊತ್ತಿರಲಿಲ್ಲ, ನಕ್ಕ. ಹೊಸ ಜಾಲರಿಯನ್ನು ಮುಂಬಯಿಯಿಂದಲೇ ತರಿಸಬೇಕು, ತಿಂಗಳುಗಟ್ಟಲೆ ಹಿಡಿಯುತ್ತದೆ ಅಂದ.

ಅಲ್ಲಿಯ ತನಕ ಏನು ಗತಿ? ಸಾಹೇಬರು ತಮ್ಮ ಬುದ್ಧಿ ಓಡಿಸಿದರು. ಅಗಸಿ ಬೀಜ ನೆನೆಸಿದರೆ ಲೋಳೆ ಬಿಡುತ್ತದೆ, ಲೋಳೆ ತೂತು ಮುಚ್ಚುತ್ತದೆ. ಜೋಳದ ಹಿಟ್ಟಿನ ಗಂಜಿಯೂ ಅಂಟು. ಎರಡನ್ನೂ ಕೂಡಿಸಿ ಒಂದು ಚರಿಗೆ ತುಂಬ ರೇಡಿಯೇಟರಿಗೆ ಸುರಿದರು. ಕಾರಿಗೆ ಅಂಬಲಿ ಕುಡಿಸಿದ ಮೊದಲ ವಕೀಲರು ಅವರೇ ಇರಬೇಕು. ಮತ್ತು ನಂಬಿದರೆ ನಂಬಿ, ಸೋರುವುದು ನಿಂತಿತು. ಒಂದು ಅಮಾವಾಸ್ಯೆ ಚೆನ್ನಾಗಿಯೇ ಕಳೆಯಿತು. ಆಮೇಲೆ ಜಾಲರಿ ಪೂರ್ತಿ ಕಟ್ಟಿಕೊಂಡು ಬಿಸಿಗಾಳಿಯೂ ನಿಂತಿತು. ಒಳಗಿನ ಗಂಜಿ ಹುಳಿಯಿತು. ಕಾರು ಓಣಿಯಲ್ಲಿ ಹೋದರೆ ಹಿಂದೆ ಹುಳಿ ವಾಸನೆ ಹೋಗುತ್ತಿತ್ತು, ಅದರ ಹಿಂದೆ ನಾಯಿಗಳು.

ಈ ಮೂಗಿಗೆ ಬೀಳುವ ಸುದ್ದಿ ಅಬಕಾರಿ ದರೋಗಾನ ಮೂಗಿಗೂ ಬಿತ್ತು. ಕಳ್ಳಭಟ್ಟಿ ಹಿಡಿಯುವುದು ಅವನ ಕೆಲಸ. ಹಿಡಿದವರನ್ನು ಬಿಡಿಸುವುದು ಸಾಹೇಬರ ಕೆಲಸ. ಒಮ್ಮೆ ಕಚೇರಿಯಲ್ಲಿ ಸಾಹೇಬರು ಅವನಿಗೆ ಸರಾಯಿ ಮತ್ತು ಸೀಗೇಕಾಯಿ ನೀರು ಎರಡನ್ನೂ ಮೂಸಿಸಿ, ಅವನು ಸೀಗೇಕಾಯಿಯನ್ನೇ ಸರಾಯಿ ಎಂದದ್ದರಿಂದ ಕನಕಗಿರಿಯ ಒಬ್ಬ ಬಡಪಾಯಿ ಬಿಡುಗಡೆಯಾಗಿದ್ದ. ದರೋಗಾ ಅದನ್ನು ಮರೆತಿರಲಿಲ್ಲ. ಮರೆಯಲು ಊರಿನವರು ಬಿಟ್ಟಿರಲೂ ಇಲ್ಲ.

ಕೊನೆಗೆ ಹೊಸ ಜಾಲರಿ ಗದಗಿಗೆ ಬಂತು. ಮಿಸ್ತ್ರಿಯನ್ನು ಕೂಡಿಸಿಕೊಂಡು ಸಾಹೇಬರು ಕಾರಿನಲ್ಲೇ ಹೋಗಿ ತಂದರು, ನಾನೂ ಇದ್ದೆ. ಗದಗು ಇಂಗ್ರೇಜಿ ಸೀಮೆ, ಕೊಪ್ಪಳ ನಿಜಾಮರದು. ನಡುವೆ, ತಳಕಲ್ ಇನ್ನೂ ದೂರವಿದ್ದಾಗಲೇ, ಸುಂಕದ ನಾಕೆ. ಅಲ್ಲಿ ಗುಮಾಸ್ತ ಪೆಟ್ಟಿಗೆ ಬಿಚ್ಚಿಸಿದ. ಥಳಥಳ ಹೊಳೆಯುವ ತಾಮ್ರದ ಕೊಳವೆಗಳು, ನೀರು ಹೋಗಲು ಒಂದು ಬಾಯಿ, ಬರಲು ಒಂದು ಬಾಯಿ. ಇದೇನು ಎಂದು ಕೇಳಿದ.

"ಕಾರಿನೊಳಗ ಸೆಖಿ ಮಾಡೂದು" ಎಂದರು ಸಾಹೇಬರು.

ಗುಮಾಸ್ತ ಹಣೆಯ ಬೆವರು ಒರೆಸಿಕೊಂಡು ಅವರನ್ನು ನೋಡಿದ. ಆಮೇಲೆ ಆಕಾಶ ನೋಡಿದ. ಆಮೇಲೆ ಅಬಕಾರಿ ದರೋಗಾನಿಗೆ ಆಳು ಕಳಿಸಿದ. ತಾಮ್ರದ ಕೊಳವೆ ಅಂದರೆ ಭಟ್ಟಿ, ಇದು ಈ ಸೀಮೆಯಲ್ಲಿ ಎಲ್ಲರಿಗೂ ತಿಳಿದ ಮಾತು. ದರೋಗಾ ಬಂದವನೇ ರೇಡಿಯೇಟರಿನ ಮುಚ್ಚಳ ತೆಗೆದು ಮೂಸಿದ. ಈ ಸಲ ಅವನ ಮೂಗು ಮೋಸ ಹೋಗಲಿಲ್ಲ. ಹುಳಿತ ಜೋಳದ ಗಂಜಿ! ಹಬೆ ಹಾಯಲು ತಾಮ್ರದ ಸಾಮಾನು! ಕುದಿಸಲು ಇಂಜಿನ್ನು! ಊರೂರು ತಿರುಗುತ್ತ ಸರಾಯಿ ಇಳಿಸುವ ಕಾರು! ಅವನ ಮುಖದಲ್ಲಿ ಅಂದು ಕಂಡ ಆನಂದವನ್ನು ನಾನು ಮದುಮಕ್ಕಳ ಮುಖದಲ್ಲೂ ಕಂಡಿಲ್ಲ. ಕಾರು, ಜಾಲರಿ ಎರಡೂ ಜಪ್ತಿ. ಸಾಹೇಬರ ಮೇಲೆ ಖಟ್ಲೆ.

ನಗುವ ಮಾತಾಗಿ ಉಳಿಯಲಿಲ್ಲ ಅದು. ಗುನ್ಹೆ ಸಾಬೀತಾದರೆ ವಕೀಲಿ ಮಾಡಲು ಕೊಟ್ಟ ಸನದು ಹೋಗುತ್ತದೆ. ಅಷ್ಟು ವರ್ಷ ಗಳಿಸಿದ ಹೆಸರು ಭಟ್ಟಿ ವಕೀಲ ಎಂದು ಮುಗಿಯುತ್ತದೆ. ಕಾರಿಗೆ ಹೀಟರ್ ಇರುತ್ತದೆ ಎಂದು ತೋರಿಸುವುದು ಕಷ್ಟವಿರಲಿಲ್ಲ. ಕಷ್ಟ ಇದ್ದದ್ದು ಒಂದೇ ಪ್ರಶ್ನೆಯಲ್ಲಿ. ಕೊಪ್ಪಳದಲ್ಲಿ, ಚೈತ್ರದಲ್ಲಿ, ಬುದ್ಧಿ ನೆಟ್ಟಗಿರುವ ಮನುಷ್ಯನಿಗೆ ಹೀಟರ್ ಯಾತಕ್ಕೆ?

"ಅಕ್ಕಾವರ ಜ್ವರದ ಸುದ್ದಿ ಹೇಳಿಬಿಡ್ರಿ. ಒಂದು ಮಾತಿನಾಗ ಮುಗೀತೈತಿ" ಎಂದೆ ನಾನು.

"ಹೇಳಿದ ಮರುದಿನ ಅಕಿಗೆ ಸಮನ್ಸ್ ಬರ್ತೈತಿ. ಕಟಕಟಿಯೊಳಗ ನಿಂದರಿಸಿ ಆ ದರೋಗಾನ ಕಡಿ ವಕೀಲ ಕೇಳ್ತಾನ, ಚಳಿ ಹೆಂಗ ಬರ್ತೈತಿ, ಎಲ್ಲೆಲ್ಲಿ ನಡಗ್ತೈತಿ, ಒಂದಿಷ್ಟು ನಡಗಿ ತೋರ್ಸ್ರಿ ಅಂತ. ನಾನಾಗಿದ್ರ ನಾನೂ ಅದನ್ನ ಕೇಳ್ತಿದ್ದೆ." ಆಮೇಲೆ ಅಂದರು, "ಅಕೀ ಚಳಿ ಅಕೀದು. ಅದನ್ನ ಕಚೇರಿಗೆ ತರಾಕ ನಾ ಯಾರು?"

"ಮತ್ತೇನು ಹೇಳ್ತೀರಿ?"

ಅವರು ಕನ್ನಡಕ ಒರೆಸತೊಡಗಿದರು.

ಖಟ್ಲೆಯ ದಿನ ಕಚೇರಿಯ ಒಳಗೆ ಕಾಲಿಡಲು ಜಾಗವಿರಲಿಲ್ಲ. ಸಾಹೇಬರಿಂದ ಬೈಸಿಕೊಂಡವರೆಲ್ಲ ಬಂದಿದ್ದರೆಂದರೆ ಊರಿಗೆ ಊರೇ ಬಂದಿತ್ತು ಎಂದಂತಾಯಿತು. ಮುನ್ಸಿಫರು ಕಲಬುರಗಿ ಕಡೆಯ ಮುಸಲ್ಮಾನರು, ವಯಸ್ಸಾದವರು. ಕಾಗದವೆಲ್ಲ ಉರ್ದು, ಮಾತಿಗೆ ಮಾತ್ರ ಕನ್ನಡ. ಸಾಹೇಬರು ಹಲಫ್ ತೆಗೆದುಕೊಂಡರು. ದರೋಗಾನ ಕಡೆಯ ವಕೀಲ ಎದ್ದು ನಿಂತ.

"ಈ ಯಂತ್ರ ಯಾರ ಸಲುವಾಗಿ ತರ್ಸಿದ್ರಿ?"

ನಾನು ನೆಲ ನೋಡಿದೆ.

"ನನ್ನ ಸಲುವಾಗಿ. ನನಗ ಚಳಿ ಆಗ್ತೈತಿ."

"ಯಾವಾಗ?"

"ಎಲ್ಲಾ ಕಾಲದಾಗೂ."

"ಈಗ?"

"ಈಗೂ."

ಕಚೇರಿಯ ಛಾವಣಿ ಹಾರಿಹೋಗುವಂತೆ ನಕ್ಕರು. ಹೊರಗೆ ನಿಂತವರು ಒಳಗಿನವರನ್ನು ಕೇಳಿ ತಿಳಿದು ಮತ್ತೊಮ್ಮೆ ನಕ್ಕರು. ದರೋಗಾ ಕುರ್ಚಿಯ ಕೈ ಬಡಿದು ನಕ್ಕ. ಸಾಹೇಬರು ಯಾರ ಮುಖವನ್ನೂ ನೋಡಲಿಲ್ಲ. ಬದುಕಿನಲ್ಲಿ ಒಂದು ನೇಮ ಇಟ್ಟುಕೊಂಡಿದ್ದ ಮನುಷ್ಯ, ಅದನ್ನು ಎಲ್ಲರೆದುರು ಮುರಿದು, ಮೇಲೆ ಹುಚ್ಚನೆನಿಸಿಕೊಂಡು ನಿಂತಿದ್ದರು. ನನಗೆ ಅಳು ಬಂತು, ಅದನ್ನು ಮುಚ್ಚಿಕೊಳ್ಳಲು ನಾನೂ ನಕ್ಕವನಂತೆ ಬಾಯಿಗೆ ಟವೆಲ್ ಹಿಡಿದೆ.

ಮುನ್ಸಿಫರು ಒಬ್ಬರೇ ನಗಲಿಲ್ಲ. ಸಾಮಾನನ್ನು ಕಾರಿಗೆ ಕೂರಿಸಿ ತೋರಿಸಿ, ಸರಾಯಿ ಬರುತ್ತದೋ ಗಾಳಿ ಬರುತ್ತದೋ ಕಣ್ಣಿಂದ ನೋಡೋಣ ಎಂದು ಹುಕುಂ ಮಾಡಿದರು.

ಹೀಗಾಗಿ ಆ ರಿಪೇರಿ ಕಚೇರಿಯ ಅಂಗಳದಲ್ಲಿ, ಸರಕಾರದ ಸಮಕ್ಷಮದಲ್ಲಿ ನಡೆಯಿತು. ಅಷ್ಟು ಜನರ ಮುಂದೆ ಕೆಲಸ ಮಾಡುವ ಯೋಗ ಮಿಸ್ತ್ರಿಗೆ ಹಡಗಿನ ಕಾಲದಲ್ಲೂ ಬಂದಿರಲಿಲ್ಲ. ಪ್ರತಿ ತಿರುಪು ಬಿಚ್ಚಿದಾಗಲೂ ಎತ್ತಿ ತೋರಿಸಿದ. ರೇಡಿಯೇಟರಿನ ಗಂಜಿಯನ್ನು ಬಸಿದು, ನೀರು ಹೊಯ್ದು ಹೊಯ್ದು ತೊಳೆದ. ಪೆಟ್ಟಿಗೆ ಇಳಿಸಿ ಹಳೆಯ ಜಾಲರಿ ಹೊರತೆಗೆದ. ಅದರೊಳಗೆ ಅಗಸಿ ಗಟ್ಟಿಯಾಗಿ ಕೂತಿತ್ತು. ದರೋಗಾ ಅದನ್ನು ಪುರಾವೆ ಎಂದು ಕಾಗದದಲ್ಲಿ ಕಟ್ಟಿಕೊಂಡ. ಹೊಸ ಜಾಲರಿ ಕೂತಿತು, ರಬ್ಬರ್ ನಳಿಗೆಗಳ ಮೇಲೆ ತಂತಿ ಬಿಗಿಯಿತು. ಇಂಜಿನ್ ಶುರುಮಾಡಿದರೆ ಪಂಖೆ ತಿರುಗಿತು, ಬಂದದ್ದು ತಣ್ಣನೆ ಗಾಳಿ! ದರೋಗಾ ಕುಣಿದಾಡಿದ. ಮಿಸ್ತ್ರಿ ತಲೆ ಕೆರೆದುಕೊಂಡು, ಒಳಗೆ ಗಾಳಿಗುಳ್ಳೆ ಸಿಕ್ಕಿಕೊಂಡಿದೆ, ಕಾರಿನ ಮೂತಿ ಮೇಲೆ ಮಾಡಿ ನಿಲ್ಲಿಸಿದರೆ ಹೋಗುತ್ತದೆ ಅಂದ. ಜಪ್ತಿಯ ಕಾರನ್ನು ನಡೆಸಿಕೊಂಡು ಹೋಗುವಂತಿಲ್ಲ, ಕೋಟೆ ಗುಡ್ಡದ ಕಡೆಯ ಏರಿನ ತನಕ ಜನ ಕಾರನ್ನು ದಬ್ಬಿಕೊಂಡು ಹೋದರು. ಖಟ್ಲೆಯ ಎರಡೂ ಕಡೆಯವರು ಕೂಡಿ ಮಾಡಿದ ಕೆಲಸ ಅದೊಂದೇ. ಅಲ್ಲಿ ರೇಡಿಯೇಟರಿನ ಬಾಯಿಂದ ಗುಳುಗುಳು ಗುಳ್ಳೆ ಎದ್ದವು. ಆಮೇಲೆ ಬಿಸಿಗಾಳಿ ಬಂತು.

"ಗಾಳಿ ಬಂತು ಖರೆ. ಈ ಗಾಳಿ ಇವ್ರಿಗೆ ಬೇಕಂತ ಹೆಂಗ ನಂಬೂದು? ಕುಂದ್ರಿಸಿ ನೋಡ್ರಿ, ಹುಜೂರ್" ಎಂದ ದರೋಗಾ.

ಸಾಹೇಬರು ಯಾರೂ ಹೇಳುವುದಕ್ಕೆ ಕಾಯಲಿಲ್ಲ. ಶೇರವಾನಿಯ ಮೇಲಿನ ಗುಂಡಿ ಸರಿಯಾಗಿದೆಯೋ ನೋಡಿಕೊಂಡು ಒಳಗೆ ಕೂತು, ನಾಲ್ಕೂ ಗಾಜು ಏರಿಸಿ, ಗುಬುಟು ತಿರುಗಿಸಿದರು. ಉಳಿದವರೆಲ್ಲ ನೆರಳು ಹುಡುಕಿಕೊಂಡು ನಿಂತೆವು. ಮುನ್ಸಿಫರು ಮಧ್ಯಾಹ್ನದ ನಮಾಜಿಗೆ ಹೋದರು. ನೆರಳಲ್ಲೇ ನಮ್ಮ ಅಂಗಿಗಳು ಒದ್ದೆಯಾದವು. ಗಾಜಿನೊಳಗೆ ಸಾಹೇಬರು ಕೂತೇ ಇದ್ದರು. ಮೊದಮೊದಲು ಜನ ನಕ್ಕರು. ಆಮೇಲೆ ಒಬ್ಬೊಬ್ಬರೇ ನಗು ನಿಲ್ಲಿಸಿದರು. ಯಾರೋ, "ಸಾಕ್ ಬಿಡ್ರಪಾ, ಸಾಯ್ತಾರ ಮನಷ್ಯಾ" ಅಂದರು. ನಾನು ಹೋಗಿ ಗಾಜು ಬಡಿದರೆ ಅವರು ನನ್ನತ್ತ ತಿರುಗಲೂ ಇಲ್ಲ.

ಮುನ್ಸಿಫರು ತಿರುಗಿ ಬಂದು ತಾವೇ ಬಾಗಿಲು ತೆಗೆದರು. ಒಳಗಿನ ಝಳಕ್ಕೆ ಒಂದು ಹೆಜ್ಜೆ ಹಿಂದೆ ಸರಿದರು. ಸಾಹೇಬರ ಶೇರವಾನಿಯಿಂದ ನೀರು ತೊಟ್ಟಿಕ್ಕುತ್ತಿತ್ತು, ಮುಖ ಕುಂಬಾರನ ಕೆಂಪು ಮಡಕೆ.

"ಹ್ಯಾಂಗದರಿ ವಕೀಲ ಸಾಬ್?"

"ಈಗ ಒಂದಿಷ್ಟು ಹಿತ ಅನಸ್ತೈತ್ರಿ."

"ಬೆವರು ಬಂದದಲ್ರೀ?"

"ಚಳಿ ಬಿಡೂ ಮುಂದ ಬೆವರು ಬರ್ತೈತ್ರಿ."

ಮುನ್ಸಿಫರು ಗಡ್ಡ ನೀವಿಕೊಂಡರು. ಇದು ಚಳಿಜ್ವರದವರ ಹಾಸಿಗೆಯ ಪಕ್ಕ ಕೂತವರು ಆಡುವ ಮಾತು ಎಂದು ಅವರಿಗೆ ತಿಳಿಯದೆ ಇರಲಿಲ್ಲ. ದನಿ ತಗ್ಗಿಸಿ ಕೇಳಿದರು, "ಮನ್ಯಾಗ ಎಲ್ಲರೂ ಆರಾಮ ಅದಾರೇನ್ರಿ?"

"ಆ ಪ್ರಶ್ನಿಗೆ ನನ್ನ ತಕರಾರು ಐತ್ರಿ, ಹುಜೂರ್."

"ತಕರಾರು ಮಂಜೂರ್" ಎಂದರು ಮುನ್ಸಿಫರು. ಅವತ್ತೇ ಖಟ್ಲೆ ಖಾರಿಜ್ ಮಾಡಿ ಸಾಹೇಬರನ್ನು ಬಿಟ್ಟರು. ಇವರ ದೇಹದ ತಾಸೀರೇ, ಅಂದರೆ ಗುಣವೇ, ತಣ್ಣನೆಯದು, ಹೀಟರ್ ಇವರಿಗೆ ಬೇಕಾದದ್ದೇ ಎಂದು ತೀರ್ಪು ಬರೆದರು. ನನ್ನ ಕೈಯಿಂದಲೇ ಅದರ ನಕಲು ಮಾಡಿಸಿದರು. ಸಾಹೇಬರು ಅದನ್ನು ಓದಲಿಲ್ಲ. ಅವರು ಕೊನೆಯ ತನಕ ಓದದ ಕಾಗದ ಅದೊಂದೇ.

ಆ ದಿನದಿಂದ ಊರಿಗೆ ಅವರು ಚಳಿ ವಕೀಲರಾದರು.

ಮುಂದಿನ ಅಮಾವಾಸ್ಯೆಗೆ ಸಾಹೇಬರು ನನ್ನನ್ನು ಹಿಂದೆ ಕೂರಿಸಿ ಅಕ್ಕಾವರನ್ನು ಮುಂದೆ, ಪೆಟ್ಟಿಗೆಯ ಎದುರಿಗೆ ಕೂರಿಸಿದರು. ಗಂಡ ಹೆಂಡತಿ ಮುಂದಿನ ಸೀಟಿನಲ್ಲಿ ಜೊತೆಯಾಗಿ ಕೂತು ಕೊಪ್ಪಳದ ಬಜಾರು ದಾಟಿದ್ದು ಅದೇ ಮೊದಲು. ಕೇಳಿದವರಿಗೆ ಹಿಂದಿನ ಸೀಟಿನ ಸ್ಪ್ರಿಂಗ್ ಹೋಗಿದೆ ಎಂದರು. ತಿರುಗಿ ಬರುವಾಗ ಚಳಿ ಏರಿತು. ಗಾಜು ಏರಿಸಿ ಗುಬುಟು ತಿರುಗಿಸಿದರು. ನಾನು ಬೆಂದೆ, ಅವರು ಬೆಂದರು, ಬಳೆಗಳು ಸುಮ್ಮನಾದವು.

"ನಿಮಗ ಸೆಖಿ ಆಗೂದಿಲ್ಲೇನ್ರಿ?" ಎಂದು ಅಕ್ಕಾವರು ಕೇಳಿದರು.

"ಇಲ್ಲ. ಹಲಫ್ ಮ್ಯಾಲ ಹೇಳೀನಿ."

ಅಕ್ಕಾವರಿಗೆ ಊರಿನ ನಗು ಮುಟ್ಟಿತ್ತು ಎಂದು ಆಗ ನನಗೆ ಗೊತ್ತಾಯಿತು. ಅವರು ಬಹಳ ಹೊತ್ತು ಗಂಡನ ಮುಖ ನೋಡುತ್ತ ಕೂತು, ಸೆರಗಿನಿಂದ ಅವರ ಹಣೆ ಒರೆಸಿದರು. ಸಾಹೇಬರು ತಕರಾರು ಎತ್ತದೆ ಕಾರು ನಡೆಸಿದರು. ನಾನು ಹೊರಗಿನ ಹೊಲ ನೋಡತೊಡಗಿದೆ.

ಖಟ್ಲೆ ಮುಗಿಯಿತೆಂದು ನಾನು ತಿಳಿದಿದ್ದೆ. ಸಾಹೇಬರಿಗೆ ಮುಗಿದಿರಲಿಲ್ಲ. ಮರುದಿನ ಆ ಬಿಸಿಲಲ್ಲಿ ಶೇರವಾನಿಯ ಮೇಲೆ ಉಣ್ಣೆಯ ಶಾಲು ಹೊದ್ದು ಕಚೇರಿಗೆ ಬಂದರು. ಇದೇನ್ರಿ ಎಂದೆ.

"ಹಲಫ್ ಮ್ಯಾಲ ಕೊಟ್ಟ ಹೇಳಿಕಿ ತಿದ್ದಾಕ ಬರೂದಿಲ್ಲ. ನನ್ನ ತಿದ್ದಾಕ ಬರ್ತೈತಿ" ಎಂದರು.

ಅವರ ಹಟ ನೋಡಿ. ಆಡಿದ ಮಾತು ಸುಳ್ಳಾಗಬಾರದೆಂದು ಪ್ರತಿ ಬೇಸಿಗೆಯೂ ಅದೇ ಶಾಲಿನಲ್ಲಿ ಬೆಂದರು. ಬೆಳಿಗ್ಗೆ ಅದನ್ನು ಮಡಿಚಿ ತಂದು ಅವರ ಹೆಗಲಿಗೆ ಹಾಕುವವರು ಅಕ್ಕಾವರು. ದರೋಗಾ ಮಾತ್ರ ಎದುರಾದಾಗಲೆಲ್ಲ, "ಚಳಿ ಹೆಂಗೈತ್ರಿ ಸಾಹೇಬ್ರ?" ಎಂದು ಕೇಳಿ ನಗುವನು. "ಐತಿ" ಎಂದು ಸಾಹೇಬರು ಮುಂದೆ ಹೋಗುವರು.

ಯುದ್ಧ ಬಂತು, ಪೆಟ್ರೋಲು ಸಿಗದಾಯಿತು. ಕಾರು ಚಪ್ಪರದ ಕೆಳಗೆ ನಿಂತಿತು. ಚಳಿಜ್ವರಕ್ಕೆ ಪೆಟ್ರೋಲು ಬೇಕಾಗಿರಲಿಲ್ಲ. ಗುಳಿಗೆಯೂ ಸಿಗದ ಒಂದು ಪುಷ್ಯಮಾಸದಲ್ಲಿ ಅಕ್ಕಾವರು ಹೋಗಿಬಿಟ್ಟರು. ಮನೆಯಲ್ಲಿದ್ದ ಕೌದಿಗಳನ್ನೆಲ್ಲ ಹೊದಿಸಿ, ಅದರ ಮೇಲೆ ಸಾಹೇಬರು ತಮ್ಮ ಶಾಲೂ ಹೊದಿಸಿದ್ದರು. ಅದನ್ನು ಅವರು ತಿರುಗಿ ತೆಗೆದುಕೊಳ್ಳಲಿಲ್ಲ, ಅಕ್ಕಾವರ ಜೊತೆಗೇ ಕಳಿಸಿದರು.

ಸೂತಕ ಕಳೆದ ಮರುದಿನ ಅವರು ಕಚೇರಿಗೆ ಬಂದರು. ನಮ್ಮ ಕಡೆ ಅಪರೂಪಕ್ಕೆ ಬೀಳುವಂಥ ಚಳಿ ಅಂದು. ಜವಾನನಿಂದ ಹಿಡಿದು ಎಲ್ಲರೂ ಕಂಬಳಿಯೊಳಗಿದ್ದೆವು. ಸಾಹೇಬರ ಮೈಮೇಲೆ ಬರೀ ಶೇರವಾನಿ. ಕಟ್ಟೆಯ ಮೇಲಿದ್ದ ದರೋಗಾ ರೂಢಿಯಂತೆ ಬಾಯಿ ತೆರೆದವನು, ಅವರ ಮುಖ ನೋಡಿ ಎದ್ದು ನಿಂತ. ಸಾಹೇಬರು ನೇರವಾಗಿ ಒಳಗೆ ಹೋದರು. ಹಳೆಯ ಮುನ್ಸಿಫರು ಎಂದೋ ವರ್ಗವಾಗಿ ಹೋಗಿದ್ದರು. ಈಗ ಇದ್ದವರು ಹೊಸಬರು. ಅವರ ಮುಂದೆ ಕಟಕಟೆಯಲ್ಲಿ ನಿಂತು, ಹಿಂದೆ ತನ್ನ ಮೇಲಿನ ಖಟ್ಲೆಯಲ್ಲಿ ಹಲಫ್ ಮೇಲೆ ಒಂದು ಸುಳ್ಳು ಹೇಳಿದ್ದೇನೆ, ಅದನ್ನು ಬರೆದುಕೊಂಡು ನನ್ನ ಸನದಿನ ಮೇಲೆ ಏನು ಕ್ರಮ ತೆಗೆದುಕೊಳ್ಳಬೇಕೋ ತೆಗೆದುಕೊಳ್ಳಿ ಎಂದರು. ಇನ್ನು ಯಾರಿಗೂ ಸಮನ್ಸ್ ಕಳಿಸಲು ಬರುವಂತಿರಲಿಲ್ಲ.

ಹೊಸ ಮುನ್ಸಿಫರು ಗಾಬರಿಯಾಗಿ ಕಲಂ ಎತ್ತಿಕೊಂಡು, ಏನು ಸುಳ್ಳು ಎಂದು ಕೇಳಿದರು.

"ಅವತ್ತು ನನಗ ಚಳಿ ಇರ್ಲಿಲ್ರಿ" ಎಂದರು ಸಾಹೇಬರು. ಅವರ ಎರಡೂ ಕೈ ಕಟಕಟೆಯ ಮೇಲೆ ನಡುಗುತ್ತಿದ್ದವು. "ಈಗ ಆಗಾಕತ್ತೈತಿ."

ಮುನ್ಸಿಫರು ನಮ್ಮೆಲ್ಲರ ಮುಖ ನೋಡಿದರು. ಆಮೇಲೆ, ಏನೂ ಬರೆಯದೆ, ಕಲಮನ್ನು ಕೆಳಗಿಟ್ಟರು.